ವೆಬ್‌ಸೈಟ್‌ಗೆ ಬಂದವರ ಲೆಕ್ಕ ಬೇಕು, ಅವರ ಗುಟ್ಟು ಹೊರಗೆ ಹೋಗಬಾರದು: ಏನು ಮಾಡಬೇಕು?

ಪ್ರಶ್ನೆ: ಹುಬ್ಬಳ್ಳಿಯೊಳಗ ನಮ್ಮದೊಂದು ವಧು-ವರರ ಮಾಹಿತಿ ಕೇಂದ್ರ ಐತ್ರಿ. ಧಾರವಾಡ, ಗದಗ, ಹಾವೇರಿ ಕಡೆಯವರ ಸುಮಾರು ಎರಡು ಸಾವಿರ ಬಯೋಡಾಟಾ ವೆಬ್‌ಸೈಟ್‌ನ್ಯಾಗ ಹಾಕೇವಿ. ಎಷ್ಟು ಮಂದಿ ಬರ್ತಾರ ಅಂತ ಗೊತ್ತಾಗ್ಲಿ ಅಂತ ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಗೂಗಲ್ ಅನಲಿಟಿಕ್ಸ್, ಫೇಸ್‌ಬುಕ್ ಪಿಕ್ಸೆಲ್, ಮೈಕ್ರೋಸಾಫ್ಟ್ ಕ್ಲಾರಿಟಿ ಮೂರೂ ಹಚ್ಚ್ಯಾನ. ಹೋದ ವಾರ ಒಬ್ಬರು ಪಾಲಕರು ಫೋನ್ ಮಾಡಿ, "ನಿಮ್ಮಲ್ಲಿ ಎರಡನೇ ಸಂಬಂಧ ನೋಡಿದ ಮ್ಯಾಲೆ ನಮ್ಮ ಮಗಳ ಫೇಸ್‌ಬುಕ್ ತುಂಬ ಅದೇ ಜಾಹೀರಾತು ಬರಾಕ ಹತ್ತ್ಯಾವು. ನಮ್ಮ ಮಾಹಿತಿ ಮಾರೀರೇನು?" ಅಂತ ಸಿಟ್ಟಾದ್ರು. ನಾವೇನೂ ಮಾರಿಲ್ರಿ. ಹಂಗಾರ ಇದು ಹೆಂಗಾತು? ಮೂರನ್ನೂ ತೆಗೀಬೇಕೇನು? ತೆಗೆದ್ರ ಲೆಕ್ಕ ಹೆಂಗ ಇಡೋದು? ಕಾನೂನು ಏನಂತೈತಿ?

ಉತ್ತರ: ನೀವು ಮಾರಿಲ್ಲ, ನಿಜ. ಆದರೆ ಆ ಪಾಲಕರ ಅನುಮಾನವೂ ಸುಳ್ಳಲ್ಲ. ಅವರ ಮಗಳು ನಿಮ್ಮಲ್ಲಿ ಯಾವ ಪುಟ ನೋಡಿದರು ಎಂಬುದು ಆ ಕ್ಷಣದಲ್ಲೇ ಮೂರು ಬೇರೆ ಬೇರೆ ಕಂಪನಿಗಳಿಗೆ ಹೋಗಿರುತ್ತದೆ. ಹಣ ಕೈ ಬದಲಾಗಿಲ್ಲ, ಮಾಹಿತಿ ಕೈ ಬದಲಾಗಿದೆ.

ಮದುವೆ ಮನೆಯಲ್ಲಿ ಎಷ್ಟು ಎಲೆ ಎದ್ದವು ಅಂತ ಅಡುಗೆಯವರು ಎಣಿಸುತ್ತಾರೆ. ಯಾರ ಎಲೆ, ಅವರು ಯಾರ ಪಕ್ಕ ಕೂತಿದ್ದರು, ಯಾವ ಹೆಣ್ಣನ್ನು ಎಷ್ಟು ಹೊತ್ತು ನೋಡಿದರು ಅಂತ ಯಾರೂ ಬರೆದಿಡುವುದಿಲ್ಲ. ನಿಮಗೆ ಬೇಕಾಗಿದ್ದು ಎಲೆಯ ಲೆಕ್ಕ. ಆ ಹುಡುಗ ಹಚ್ಚಿದ ಮೂರರಲ್ಲಿ ಅನಲಿಟಿಕ್ಸ್ ಒಂದು ಮಾತ್ರ ಆ ಕೆಲಸಕ್ಕೆ ಹುಟ್ಟಿದ್ದು. ಪಿಕ್ಸೆಲ್ ಜಾಹೀರಾತು ತೋರಿಸುವುದಕ್ಕೆ ಇರುವ ಸಾಧನ. ಕ್ಲಾರಿಟಿ ಬಂದವರ ಬೆರಳಿನ ಓಡಾಟವನ್ನು ವಿಡಿಯೊದಂತೆ ದಾಖಲಿಸುತ್ತದೆ. ಆದ್ದರಿಂದ ಪಿಕ್ಸೆಲ್ ಮತ್ತು ಕ್ಲಾರಿಟಿಯನ್ನು ಇವತ್ತೇ ತೆಗೆಯಿರಿ. ಅನಲಿಟಿಕ್ಸ್ ಇಟ್ಟುಕೊಳ್ಳುವುದೋ ಬಿಡುವುದೋ ಆಮೇಲಿನ ಮಾತು. ಅದಕ್ಕೂ ಮೊದಲು ನಿಮ್ಮ ಪುಟಗಳ ವಿಳಾಸ (ಬ್ರೌಸರಿನ ಮೇಲ್ಭಾಗದಲ್ಲಿ ಕಾಣುವ ಲಿಂಕ್) ಮತ್ತು ಶೀರ್ಷಿಕೆ ಸ್ವಚ್ಛವಾಗಬೇಕು. ಎಲ್ಲರೂ ಯಾವ ಸಾಧನ ಒಳ್ಳೆಯದು ಅಂತ ಹುಡುಕುತ್ತಾರೆ. ಆದರೆ ಗುಟ್ಟು ಸೋರುವುದು ಹೆಚ್ಚಾಗಿ ತಮ್ಮದೇ ಪುಟದ ವಿಳಾಸದಿಂದ.

ಇದನ್ನು ನೀವೇ ಕಣ್ಣಾರೆ ನೋಡಬಹುದು, ಹತ್ತು ನಿಮಿಷದ ಕೆಲಸ. (ಇಲ್ಲಿ ಕನ್ನಡದಲ್ಲಿ ಬರೆದ ಕೋಡ್ ಹೆಸರುಗಳನ್ನು ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು.) ಲ್ಯಾಪ್‌ಟಾಪ್‌ನಲ್ಲಿ ಕ್ರೋಮ್ ತೆರೆದು ಇನ್‌ಕಾಗ್ನಿಟೊ ಕಿಟಕಿಯಲ್ಲಿ ನಿಮ್ಮ ಸೈಟಿಗೆ ಹೋಗಿ. ಎಫ್12 ಒತ್ತಿ, ನೆಟ್‌ವರ್ಕ್ ಎಂಬ ಟ್ಯಾಬ್ ಆರಿಸಿ, 'ಪ್ರಿಸರ್ವ್ ಲಾಗ್' ಎಂಬುದಕ್ಕೆ ಟಿಕ್ ಹಾಕಿ. ಮೇಲಿನ ಫಿಲ್ಟರ್ ಪೆಟ್ಟಿಗೆಯಲ್ಲಿ 'ಕಲೆಕ್ಟ್' ಅಂತ ಹೊಡೆಯಿರಿ. ಈಗ ಒಬ್ಬ ಸಾಮಾನ್ಯ ಪಾಲಕರಂತೆ ಹುಡುಕಿ: ತಾಲೂಕು ಕುಂದಗೋಳ, ವಯಸ್ಸು 30ರಿಂದ 35, ಎರಡನೇ ಸಂಬಂಧ. ಒಂದು ಬಯೋಡಾಟಾ ತೆರೆಯಿರಿ. ಪ್ರತಿ ಕ್ಲಿಕ್ಕಿಗೂ ಕೆಳಗೆ ಒಂದೊಂದು ಸಾಲು ಬೀಳುತ್ತದೆ. ಸಾಲಿನ ಮೇಲೆ ಒತ್ತಿ 'ಪೇಲೋಡ್' ನೋಡಿದರೆ ಗೂಗಲ್‌ಗೆ ಹೋದದ್ದೆಲ್ಲ ಅಲ್ಲೇ ಬಿಡಿಸಿಟ್ಟಂತೆ ಕಾಣುತ್ತದೆ.

'ಡಿಎಲ್' ಎಂದರೆ ಪುಟದ ಪೂರ್ತಿ ವಿಳಾಸ. ನಿಮ್ಮ ಸೈಟ್ ಹುಡುಕಾಟದ ಆಯ್ಕೆಗಳನ್ನು ವಿಳಾಸದಲ್ಲೇ ಇಡುವಂಥದ್ದಾದರೆ ಅಲ್ಲಿ 'ಕನ್ಯೆ?ತಾಲೂಕು=ಕುಂದಗೋಳ&ವಯಸ್ಸು=30-35&ಸಂಬಂಧ=2' ಎಂಬಂಥದ್ದು ಇರುತ್ತದೆ. 'ಡಿಟಿ' ಎಂದರೆ ಪುಟದ ಶೀರ್ಷಿಕೆ. ನಿಮ್ಮ ಸೈಟ್ ವರ್ಡ್‌ಪ್ರೆಸ್ ಎಂಬ ಸೈಟ್ ಕಟ್ಟುವ ತಂತ್ರಾಂಶದ ಮೇಲಿದ್ದರೆ ನೀವು ಬಯೋಡಾಟಾಕ್ಕೆ ಕೊಟ್ಟ ಹೆಸರು, ಓದು, ಊರು ಎಲ್ಲ ಅದರಲ್ಲೇ ಬಂದಿರುತ್ತದೆ. 'ಡಿಆರ್' ಎಂದರೆ ಇದಕ್ಕಿಂತ ಮುಂಚೆ ನೋಡಿದ ಪುಟ. 'ಎಸ್‌ಆರ್' ಪರದೆಯ ಅಳತೆ, 'ಯುಎಲ್' ಬ್ರೌಸರಿನ ಭಾಷೆ. ಕೊನೆಗೆ 'ಸಿಐಡಿ': ಚುಕ್ಕಿಯಿಂದ ಬೇರ್ಪಟ್ಟ ಎರಡು ದೊಡ್ಡ ಸಂಖ್ಯೆಗಳು. ಮೊದಲನೆಯದು ಕಣ್ಣು ಮುಚ್ಚಿ ಆರಿಸಿದ ಸಂಖ್ಯೆ, ಎರಡನೆಯದು ಆ ಬ್ರೌಸರ್ ನಿಮ್ಮ ಸೈಟಿಗೆ ಮೊಟ್ಟಮೊದಲು ಬಂದ ಸಮಯ, ಸೆಕೆಂಡಿನ ಲೆಕ್ಕದಲ್ಲಿ. ಇದು '_ಜಿಎ' ಎಂಬ ಕುಕಿಯಲ್ಲಿ (ಸೈಟು ಬ್ರೌಸರಿನಲ್ಲಿ ಬರೆದಿಡುವ ಸಣ್ಣ ಗುರುತು) ಎರಡು ವರ್ಷ ಉಳಿಯುವಂತೆ ಬರೆದಿಡಲಾಗುತ್ತದೆ. ಐಫೋನಿನ ಸಫಾರಿ ಮಾತ್ರ ಇಂಥ ಕುಕಿಗಳನ್ನು ಏಳು ದಿನಕ್ಕೆ ಕತ್ತರಿಸುತ್ತದೆ. ವಾರ ಬಿಟ್ಟು ಬಂದ ಐಫೋನಿನವರು ನಿಮ್ಮ ಲೆಕ್ಕದಲ್ಲಿ ಹೊಸಬರಾಗಿ ಕಾಣುವುದು ಇದಕ್ಕೇ.

'ಇದರಲ್ಲಿ ನೋಡಿದವರ ಹೆಸರೆಲ್ಲಿದೆ?' ಅಂತ ಕೇಳಬಹುದು. ಗೂಗಲ್ ಅನಲಿಟಿಕ್ಸ್ 4 ಐಪಿ ವಿಳಾಸವನ್ನು (ಬಂದವರ ಇಂಟರ್‌ನೆಟ್ ಸಂಪರ್ಕದ ಸಂಖ್ಯೆ) ದಾಖಲಿಸಿಡುವುದಿಲ್ಲ, ಊರು ಅಂದಾಜು ಮಾಡಿ ಬಿಟ್ಟುಬಿಡುತ್ತದೆ ಅಂತ ಗೂಗಲ್ ಹೇಳುತ್ತದೆ. ಅದು ಸರಿಯೇ ಇರಲಿ. ಆದರೆ ನಮ್ಮ ಕಡೆ ಗುರುತು ಹಿಡಿಯಲು ಹೆಸರು ಬೇಕೇ? ಕುಂದಗೋಳ ತಾಲೂಕಿನ ಒಂದು ಸಣ್ಣ ಹಳ್ಳಿ, ಎಂ.ಎಸ್ಸಿ. ಓದಿದ 31 ವರ್ಷದ ಹೆಣ್ಣುಮಗಳು, ಎರಡನೇ ಸಂಬಂಧ, ಇಂಥ ಬೆಡಗು. ಆ ಊರಿನ ಚಹಾದ ಅಂಗಡಿಯಲ್ಲಿ ಇಷ್ಟು ಹೇಳಿದರೆ ಮನೆ ತೋರಿಸುತ್ತಾರೆ. ದೊಡ್ಡ ನಗರದ ಸೈಟಿನಲ್ಲಿ ಗುಂಪಿನೊಳಗೆ ಮುಚ್ಚಿಹೋಗುವ ವಿವರ, ಎರಡು ಸಾವಿರ ಬಯೋಡಾಟಾದ ಸೈಟಿನಲ್ಲಿ ಒಬ್ಬರನ್ನೇ ಬೆರಳು ಮಾಡಿ ತೋರಿಸುತ್ತದೆ. ಇಲ್ಲಿ ಇಬ್ಬರ ಗುಟ್ಟಿದೆ ಎಂಬುದನ್ನೂ ಮರೆಯಬೇಡಿ: ಬಯೋಡಾಟಾ ಯಾರದೋ ಅವರದು, ಅದನ್ನು ನೋಡಿದವರದು. ವಿಚ್ಛೇದನದ ಮಾತು ಮನೆಯಲ್ಲಿ ಇನ್ನೂ ಹೊರಬೀಳುವ ಮೊದಲೇ ಎರಡನೇ ಸಂಬಂಧದ ಪುಟ ನೋಡಿದವರೂ ಇರುತ್ತಾರೆ.

ಈಗ ಆ ಜಾಹೀರಾತಿನ ವಿಷಯ. ಪಿಕ್ಸೆಲ್ ಇರುವ ಪುಟ ತೆರೆದ ತಕ್ಷಣ ಪುಟದ ವಿಳಾಸ ಫೇಸ್‌ಬುಕ್‌ಗೆ ಹೋಗುತ್ತದೆ. ಜೊತೆಗೆ 90 ದಿನ ಬಾಳುವ '_ಎಫ್‌ಬಿಪಿ' ಎಂಬ ಕುಕಿಯ ಸಂಖ್ಯೆ. ನೋಡಿದವರು ಅದೇ ಬ್ರೌಸರಿನಲ್ಲಿ ಫೇಸ್‌ಬುಕ್‌ಗೆ ಲಾಗಿನ್ ಆಗಿದ್ದು, ಆ ಬ್ರೌಸರ್ ಹೊರಗಿನವರ ಕುಕಿಯನ್ನು ತಡೆಯದಿದ್ದರೆ ಯಾರು ಎಂಬುದೂ ನೇರವಾಗಿ ಗೊತ್ತಾಗುತ್ತದೆ. ಇಷ್ಟೇ ಅಲ್ಲ. ಯಾವ ಗುಂಡಿ ಒತ್ತಿದರು ಎಂಬುದನ್ನು, ಗುಂಡಿಯ ಮೇಲೆ ಬರೆದ ಅಕ್ಷರ ಸಮೇತ, ಪಿಕ್ಸೆಲ್ ತಾನಾಗಿಯೇ ಕಳಿಸುತ್ತದೆ. 'ಎರಡನೇ ಸಂಬಂಧ ತೋರಿಸಿ' ಅಂತ ನಿಮ್ಮ ಗುಂಡಿಯ ಮೇಲಿದ್ದರೆ ಅದೇ ಮಾತು ಹೋಗುತ್ತದೆ. ಯಾರೂ ಇದಕ್ಕಾಗಿ ಬೇರೆ ಕೋಡ್ ಬರೆಯಬೇಕಿಲ್ಲ.

ಇನ್ನೊಂದು ಸೌಲಭ್ಯವಿದೆ, 'ಆಟೊಮ್ಯಾಟಿಕ್ ಅಡ್ವಾನ್ಸ್ಡ್ ಮ್ಯಾಚಿಂಗ್'. ಅದು ಆನ್ ಇದ್ದರೆ ನಿಮ್ಮ ನೋಂದಣಿ ಫಾರ್ಮಿನಲ್ಲಿ ತುಂಬಿದ ಮೊಬೈಲ್ ಸಂಖ್ಯೆ, ಇಮೇಲ್‌ಗಳನ್ನು ಎಸ್‌ಎಚ್‌ಎ-256 ಎಂಬ ಲೆಕ್ಕದಿಂದ 64 ಅಕ್ಷರಗಳ ಗೀಚಾಗಿಸಿ ಕಳಿಸುತ್ತದೆ. 'ಗೀಚಾಗಿದೆಯಲ್ಲ, ಇನ್ನೇನು ಭಯ' ಅಂತ ವೆಬ್‌ಸೈಟ್ ಮಾಡುವವರು ಹೇಳುವುದುಂಟು. ಸ್ವಲ್ಪ ಲೆಕ್ಕ ಹಾಕಿ. ನಮ್ಮ ಮೊಬೈಲ್ ಸಂಖ್ಯೆಗೆ ಹತ್ತು ಅಂಕಿ, ಮೊದಲನೆಯದು 6, 7, 8 ಅಥವಾ 9. ಅಂದರೆ ಇರಬಹುದಾದ ಸಂಖ್ಯೆಗಳೇ ಒಟ್ಟು 400 ಕೋಟಿ. ಅಷ್ಟನ್ನೂ ಒಂದೊಂದಾಗಿ ಗೀಚಾಗಿಸಿ ತಾಳೆ ನೋಡುವುದು ಒಳ್ಳೆಯ ಗ್ರಾಫಿಕ್ಸ್ ಕಾರ್ಡಿಗೆ ಕೆಲವೇ ಸೆಕೆಂಡಿನ ಕೆಲಸ. ಫೇಸ್‌ಬುಕ್‌ಗೆ ಅಷ್ಟೂ ಕಷ್ಟ ಬೇಕಿಲ್ಲ. ತನ್ನ ಬಳಕೆದಾರರ ಸಂಖ್ಯೆ ಅದರ ಹತ್ತಿರ ಮೊದಲೇ ಇದೆ, ಅದನ್ನೂ ಹಾಗೆಯೇ ಗೀಚಾಗಿಸಿ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಮುಗಿಯಿತು. ಹೊಂದಿಸಿ ನೋಡುವುದೇ ಆ ಸೌಲಭ್ಯದ ಉದ್ದೇಶ, ಹೆಸರಿನಲ್ಲೇ ಇದೆ. ನಿಮ್ಮಲ್ಲಿ ಇದು ಆನ್ ಇದೆಯೋ ನೋಡಬೇಕಾದರೆ ಎಫ್12ರಲ್ಲಿ 'ಫೇಸ್‌ಬುಕ್' ಅಂತ ಫಿಲ್ಟರ್ ಹಾಕಿ, ಫಾರ್ಮ್ ತುಂಬಿ ಕಳಿಸಿ. ಸಾಲಿನಲ್ಲಿ 'ಯುಡಿ' ಎಂದು ಶುರುವಾಗುವ ಹೆಸರುಗಳಿದ್ದು, ಮುಂದೆ 64 ಅಕ್ಷರಗಳಿದ್ದರೆ ಆನ್ ಇದೆ.

ಹೀಗಾಗಿ ಆ ಹೆಣ್ಣುಮಗಳಿಗೆ ಜಾಹೀರಾತು ಬೆನ್ನು ಹತ್ತಿದ್ದರಲ್ಲಿ ಆಶ್ಚರ್ಯವಿಲ್ಲ. ನೀವು ಜಾಹೀರಾತು ಕೊಟ್ಟಿರಬೇಕೆಂದೂ ಇಲ್ಲ. ಮದುವೆಯ ಬಗ್ಗೆ ಆಸಕ್ತಿ ಇರುವವರು ಅಂತ ಆ ಖಾತೆಗೆ ಲೇಬಲ್ ಬಿದ್ದರೆ ಸಾಕು, ದುಡ್ಡು ಕೊಟ್ಟ ಯಾರ ಜಾಹೀರಾತಾದರೂ ಅಲ್ಲಿ ಬಂದು ನಿಲ್ಲುತ್ತದೆ.

ಪಿಕ್ಸೆಲ್ ತೆಗೆಯುವಾಗ ಸಾಮಾನ್ಯವಾಗಿ ಆಗುವ ತಪ್ಪು: ಒಂದು ಕಡೆ ತೆಗೆದು ಮುಗಿಯಿತು ಅಂದುಕೊಳ್ಳುವುದು. ವರ್ಡ್‌ಪ್ರೆಸ್ ಸೈಟಿನಲ್ಲಿ ಅದು ಮೂರು ಕಡೆ ಅಡಗಿರಬಹುದು: ಥೀಮಿನ ಹೆಡರ್ ಕಡತದಲ್ಲಿ, ಯಾವುದೋ ಪ್ಲಗಿನ್‌ನಲ್ಲಿ, ಇಂಥ ಕೋಡುಗಳನ್ನೆಲ್ಲ ಒಂದೇ ಕಡೆಯಿಂದ ಹಚ್ಚುವ ಗೂಗಲ್ ಟ್ಯಾಗ್ ಮ್ಯಾನೇಜರ್‌ನ ಒಳಗೆ. ಟ್ಯಾಗ್ ಮ್ಯಾನೇಜರ್‌ನಲ್ಲಿ ಟ್ಯಾಗ್ ಅಳಿಸಿದ ಮೇಲೆ 'ಪಬ್ಲಿಷ್' ಒತ್ತದಿದ್ದರೆ ಹಳೆಯದೇ ಓಡುತ್ತಿರುತ್ತದೆ. ಎಲ್ಲ ತೆಗೆದ ಮೇಲೂ ಪುಟದ ಪ್ರತಿ ಉಳಿಸಿಡುವ ಕ್ಯಾಶ್ ಪ್ಲಗಿನ್ ಹಳೆಯ ಪುಟವನ್ನೇ ಬಡಿಸುತ್ತಿರಬಹುದು; ಅದನ್ನು ಖಾಲಿ ಮಾಡಿ. ಅನಲಿಟಿಕ್ಸ್ ಕೂಡ ಎರಡು ಕಡೆ ಕೂತಿದೆಯೋ ನೋಡಿಬಿಡಿ. ಒಂದು ಸಲ ಪುಟ ತೆರೆದರೆ 'ಪೇಜ್_ವ್ಯೂ' ಸಾಲು ಎರಡು ಬೀಳುತ್ತಿದ್ದರೆ ಇಷ್ಟು ದಿನ ನೀವು ನೋಡಿ ಖುಷಿಪಟ್ಟ ಪುಟವೀಕ್ಷಣೆಯ ಲೆಕ್ಕ ದುಪ್ಪಟ್ಟು!

ಫೇಸ್‌ಬುಕ್‌ನಲ್ಲಿ ಜಾಹೀರಾತು ಕೊಡಲೇಬೇಕಿದ್ದರೆ ಪಿಕ್ಸೆಲ್ ಇಲ್ಲದೆಯೂ ಕೊಡಬಹುದು. ಜಾಹೀರಾತಿನ ಲಿಂಕಿನ ಕೊನೆಗೆ 'ಯುಟಿಎಂ_ಸೋರ್ಸ್=ಫೇಸ್‌ಬುಕ್' ಅಂತ ಸೇರಿಸಿದರೆ ಎಷ್ಟು ಮಂದಿ ಅಲ್ಲಿಂದ ಬಂದರು ಎಂಬುದು ನಿಮ್ಮ ಲೆಕ್ಕದಲ್ಲೇ ಸಿಗುತ್ತದೆ. ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕುವ ಲಿಂಕಿಗೂ ಇದನ್ನೇ ಮಾಡಿ. ವಾಟ್ಸ್‌ಆ್ಯಪ್‌ನಿಂದ ಬಂದವರು ಹೆಚ್ಚಾಗಿ 'ಡೈರೆಕ್ಟ್' ಎಂಬ ಖಾನೆಗೆ ಬೀಳುತ್ತಾರೆ, ಎಲ್ಲಿಂದ ಬಂದರು ಅಂತ ಆ್ಯಪ್ ಹೇಳುವುದಿಲ್ಲವಲ್ಲ. ಒಂದು ಎಚ್ಚರ: ಇಂಥ ಪಾಲಕರಿಗೆ ಕಳಿಸಿದ್ದು ಅಂತ ತಿಳಿಯಲು ಅವರ ಹೆಸರನ್ನೋ ನೋಂದಣಿ ಸಂಖ್ಯೆಯನ್ನೋ ಆ ಲಿಂಕಿನಲ್ಲಿ ಸೇರಿಸಬೇಡಿ. ಅವರು ಅದನ್ನೇ ಬೀಗರ ಗುಂಪಿಗೆ ಫಾರ್ವರ್ಡ್ ಮಾಡುತ್ತಾರೆ, ಹೆಸರು ಊರೆಲ್ಲ ತಿರುಗುತ್ತದೆ.

ಕ್ಲಾರಿಟಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫಾರ್ಮ್ ಎಲ್ಲಿ ಅರ್ಧಕ್ಕೆ ಬಿಟ್ಟು ಹೋಗುತ್ತಾರೆ ಅಂತ ತಿಳಿಯಲು ಒಳ್ಳೆಯ ಸಾಧನವೇ, ಬಟ್ಟೆ ಅಂಗಡಿಗೋ ಮೆಣಸಿನಕಾಯಿ ಮಾರುವ ಸೈಟಿಗೋ ಇರಲಿ. ಜನ ತುಂಬುವ ಪೆಟ್ಟಿಗೆಗಳನ್ನು ಅದು ಮುಚ್ಚಿಯೇ ದಾಖಲಿಸುತ್ತದೆ. ಆದರೆ ಅದರ ಡಿಫಾಲ್ಟ್ ಆದ 'ಬ್ಯಾಲೆನ್ಸ್ಡ್' ಹಂತದಲ್ಲಿ ಪುಟದ ಮೇಲಿನ ಬರಹದಲ್ಲಿ ಅಂಕಿ, ಇಮೇಲ್‌ನಂಥವು ಮಾತ್ರ ಮುಚ್ಚಿಹೋಗುತ್ತವೆ. ಹೆಸರು, ಊರು, ಬೆಡಗು ಹಾಗೇ ಉಳಿಯುತ್ತವೆ. ಒಂದು ವೇಳೆ ಫಾರ್ಮ್ ಪರೀಕ್ಷೆಗೆ ಬೇಕೇ ಬೇಕಾದರೆ 'ಸ್ಟ್ರಿಕ್ಟ್' ಹಂತಕ್ಕೆ ಹಾಕಿ, ಬಯೋಡಾಟಾ ಪುಟಗಳನ್ನು ಬಿಟ್ಟು ನೋಂದಣಿ ಪುಟಕ್ಕೆ ಮಾತ್ರ ಹಚ್ಚಿ, ಹತ್ತು ದಿನಕ್ಕೆ ಕಿತ್ತುಹಾಕಿ.

ಇನ್ನು ವಿಳಾಸ ಮತ್ತು ಶೀರ್ಷಿಕೆಯ ಸ್ವಚ್ಛತೆ. ಸಾಧನ ಯಾವುದೇ ಇರಲಿ, ಈ ಕೆಲಸ ತಪ್ಪದು.

ಬಯೋಡಾಟಾ ಪುಟದ ಶೀರ್ಷಿಕೆ 'ವಿವರ ಸಂಖ್ಯೆ 1047' ಅಂತಿರಲಿ, ವಿಳಾಸದ ಬಾಲವೂ 1047 ಅಂತಲೇ ಇರಲಿ. ಹೆಸರು, ಓದು, ಊರು ಪುಟದ ಒಳಗಿದ್ದರೆ ಸಾಕು. ವರ್ಡ್‌ಪ್ರೆಸ್ ಶೀರ್ಷಿಕೆಯನ್ನೇ ವಿಳಾಸ ಮಾಡುತ್ತದೆ. ಶೀರ್ಷಿಕೆ ಕನ್ನಡದಲ್ಲಿದ್ದರೆ ವಿಳಾಸ ಶೇಕಡಾ ಚಿಹ್ನೆಗಳ ಸಾಲಾಗಿ ಕಾಣುವುದರಿಂದ ಯಾರಿಗೂ ತಿಳಿಯುವುದಿಲ್ಲ ಅಂತ ಅನ್ನಿಸಬಹುದು. ಅದನ್ನು ಮತ್ತೆ ಕನ್ನಡ ಮಾಡಲು ಒಂದು ಕ್ಷಣ ಸಾಕು.

ಹುಡುಕುವ ಫಾರ್ಮ್ ಮತ್ತು ನೋಂದಣಿ ಫಾರ್ಮ್ ಎರಡೂ 'ಪೋಸ್ಟ್' ವಿಧಾನದಲ್ಲಿರಬೇಕು, 'ಗೆಟ್' ಬೇಡ; ಗೆಟ್ ತುಂಬಿದ್ದನ್ನೆಲ್ಲ ವಿಳಾಸದಲ್ಲೇ ಸೇರಿಸುತ್ತದೆ. ಪರೀಕ್ಷೆ ಸುಲಭ: ಫಾರ್ಮ್ ಕಳಿಸಿದ ಮೇಲೆ 'ಧನ್ಯವಾದಗಳು' ಪುಟದ ಮೇಲಿನ ವಿಳಾಸದ ಸಾಲು ನೋಡಿ. ಅಲ್ಲಿ ನೀವು ತುಂಬಿದ ಮೊಬೈಲ್ ಸಂಖ್ಯೆ ಕಂಡರೆ ಅದು ಆ ಪುಟದಲ್ಲಿರುವ ಎಲ್ಲ ಸಾಧನಗಳಿಗೂ ಹೋಗಿದೆ, ಗೂಗಲ್‌ನ ನಿಯಮವನ್ನೂ ನೀವು ಮುರಿದಿದ್ದೀರಿ. ಗುರುತು ಹಿಡಿಯುವ ಮಾಹಿತಿಯನ್ನು ಅನಲಿಟಿಕ್ಸ್‌ಗೆ ಕಳಿಸಬಾರದೆಂದು ಅವರೇ ಷರತ್ತು ಹಾಕಿದ್ದಾರೆ.

ಯಾರ ಗಮನಕ್ಕೂ ಬಾರದ ಸೋರಿಕೆ ಹುಡುಕುವ ಪೆಟ್ಟಿಗೆಯದು. ವರ್ಡ್‌ಪ್ರೆಸ್ ತನ್ನ ಹುಡುಕಾಟದ ಪದವನ್ನು ವಿಳಾಸದಲ್ಲಿ 'ಎಸ್' ಎಂಬ ಹೆಸರಿನಡಿ ಇಡುತ್ತದೆ. ಅನಲಿಟಿಕ್ಸ್ 4ರ 'ಎನ್‌ಹಾನ್ಸ್ಡ್ ಮೆಷರ್‌ಮೆಂಟ್' ಯಾರೂ ಹೇಳದೆ ಹುಡುಕಿ ತೆಗೆಯುವ ಹೆಸರುಗಳಲ್ಲಿ ಅದೂ ಒಂದು. ವಧು-ವರರ ಸೈಟಿನ ಪೆಟ್ಟಿಗೆಯಲ್ಲಿ ಜನ ಏನು ಹೊಡೆಯುತ್ತಾರೆ? ಮನೆತನದ ಹೆಸರು, ಊರು, ಕೆಲವೊಮ್ಮೆ ಬಯೋಡಾಟಾದಲ್ಲಿ ಕಂಡ ಫೋನ್ ನಂಬರೇ. ಅಡ್ಮಿನ್‌ಗೆ ಹೋಗಿ, ಡೇಟಾ ಸ್ಟ್ರೀಮ್ಸ್ ತೆರೆದು, ಎನ್‌ಹಾನ್ಸ್ಡ್ ಮೆಷರ್‌ಮೆಂಟ್‌ನ ಗೇರ್ ಚಿಹ್ನೆ ಒತ್ತಿ 'ಸೈಟ್ ಸರ್ಚ್' ಆಫ್ ಮಾಡಿ. ಆದರೂ ಪುಟದ ವಿಳಾಸದ ಜೊತೆಗೆ ಆ ಪದ ಹೋಗುತ್ತಲೇ ಇರುತ್ತದೆ. ಅದಕ್ಕೆ ಅದೇ ಸ್ಟ್ರೀಮ್ ಪುಟದಲ್ಲಿ 'ರಿಡ್ಯಾಕ್ಟ್ ಡೇಟಾ' ತೆರೆದು ಇಮೇಲ್ ಅಳಿಸುವುದನ್ನು ಆನ್ ಮಾಡಿ, ಅಳಿಸಬೇಕಾದ ವಿಳಾಸದ ಹೆಸರುಗಳ ಪಟ್ಟಿಗೆ 'ಎಸ್' ಮತ್ತು ನಿಮ್ಮ ಫಿಲ್ಟರ್ ಹೆಸರುಗಳನ್ನೆಲ್ಲ ಸೇರಿಸಿ. ಇದು ಮಾಹಿತಿ ಬ್ರೌಸರಿನಿಂದ ಹೊರಡುವ ಮೊದಲೇ ಕೆಲಸ ಮಾಡುತ್ತದೆ, ಅಷ್ಟರ ಮಟ್ಟಿಗೆ ಒಳ್ಳೆಯದು. ಆದರೆ ಶೀರ್ಷಿಕೆಯಲ್ಲಿರುವ ಹೆಸರನ್ನಾಗಲಿ, ಪ್ರಶ್ನಾರ್ಥಕ ಚಿಹ್ನೆಗಿಂತ ಮುಂಚಿನ ವಿಳಾಸದಲ್ಲಿರುವ ಹೆಸರನ್ನಾಗಲಿ ಅದು ಮುಟ್ಟುವುದಿಲ್ಲ. ಅದಕ್ಕೇ 1047 ಬೇಕೆಂದದ್ದು.

ಕೆಲವು ಡೆವಲಪರ್‌ಗಳು ಕೋಡಿನಲ್ಲೇ 'ಪೇಜ್_ಲೊಕೇಶನ್' ಬದಲಿಸಿ ಬೇರೆ ವಿಳಾಸ ಕಳಿಸುತ್ತಾರೆ. ಸರಿಯಾದ ದಾರಿಯೇ, ಆದರೆ ಅಲ್ಲಿಗೇ ನಿಲ್ಲಿಸಿದರೆ ಅರ್ಧ ಕೆಲಸ. ಮುಂದಿನ ಪುಟಕ್ಕೆ ಹೋದಾಗ ಹಿಂದಿನ ಪುಟದ ನಿಜವಾದ ವಿಳಾಸ 'ಡಿಆರ್' ಮೂಲಕ ಹೊರಗೆ ಹೋಗುತ್ತದೆ. 'ಪೇಜ್_ರೆಫರರ್' ಮತ್ತು 'ಪೇಜ್_ಟೈಟಲ್' ಎರಡನ್ನೂ ಜೊತೆಗೇ ಬದಲಿಸಬೇಕು. ಸರ್ವರಿನಲ್ಲಿ ರೆಫರರ್ ಪಾಲಿಸಿ (ಹಿಂದಿನ ಪುಟದ ವಿಳಾಸ ಎಷ್ಟು ಹೇಳಬೇಕೆಂಬ ಸೂಚನೆ) ಬಿಗಿ ಮಾಡಿದರೆ ಆಯಿತು ಎನ್ನುವವರೂ ಇದ್ದಾರೆ. ಅದು ಹೊರಗಿನ ಸೈಟಿಗೆ ಹೋಗುವ ಲಿಂಕುಗಳಿಗೆ ಮತ್ತು ಚಿತ್ರಗಳಿಗೆ ಸಂಬಂಧಿಸಿದ್ದು. ನಿಮ್ಮ ಪುಟದ ಒಳಗೇ ಕೂತ ಸ್ಕ್ರಿಪ್ಟಿಗೆ ಆ ಪುಟದ ವಿಳಾಸ ಯಾರೂ ಹೇಳಬೇಕಿಲ್ಲ, ಅದು ತಾನೇ ಓದಿಕೊಳ್ಳುತ್ತದೆ.

ಅನಲಿಟಿಕ್ಸ್ ಇಟ್ಟುಕೊಳ್ಳುವುದಾದರೆ ಇನ್ನೂ ಕೆಲವು. 'ಗೂಗಲ್ ಸಿಗ್ನಲ್ಸ್' ಆಫ್ ಮಾಡಿ, ಜಾಹೀರಾತು ವೈಯಕ್ತೀಕರಣ ಆಫ್ ಮಾಡಿ, ಗೂಗಲ್ ಆ್ಯಡ್ಸ್ ಜೊತೆ ಜೋಡಣೆ ಇದ್ದರೆ ಬಿಡಿಸಿ. 'ಡೇಟಾ ರಿಟೆನ್ಶನ್' 14 ತಿಂಗಳಿಗೆ ಇದ್ದರೆ 2 ತಿಂಗಳಿಗೆ ಇಳಿಸಿ. ನೀವು ದಿನವೂ ನೋಡುವ ಸಾಮಾನ್ಯ ವರದಿಗಳಿಗೆ ಇದರಿಂದ ಏನೂ ಆಗುವುದಿಲ್ಲ, 'ಎಕ್ಸ್‌ಪ್ಲೋರ್' ವಿಭಾಗದ ಆಳದ ವಿಶ್ಲೇಷಣೆ ಮಾತ್ರ ಎರಡು ತಿಂಗಳಿಗೆ ಸೀಮಿತವಾಗುತ್ತದೆ. ಈಗಾಗಲೇ ಹೋಗಿಬಿಟ್ಟ ಹೆಸರು-ನಂಬರುಗಳನ್ನು ಅಳಿಸಲು ಅಡ್ಮಿನ್‌ನಲ್ಲೇ 'ಡೇಟಾ ಡಿಲೀಷನ್ ರಿಕ್ವೆಸ್ಟ್ಸ್' ಇದೆ. ಊರಿನ ವರದಿಯನ್ನು ಮಾತ್ರ ನಂಬಬೇಡಿ. ಗದಗಿನಲ್ಲಿ ಕೂತು ಮೊಬೈಲ್ ಡೇಟಾದಲ್ಲಿ ನೋಡಿದವರು ಬಹಳ ಸಲ ಬೆಂಗಳೂರಿನವರಾಗಿ ಕಾಣುತ್ತಾರೆ, ಮೊಬೈಲ್ ಕಂಪನಿಯ ಇಂಟರ್‌ನೆಟ್ ದಾರಿ ಅಲ್ಲಿಂದ ಹೊರಬೀಳುವುದರಿಂದ. ಈ ವರದಿ ನೋಡಿ ಬೆಂಗಳೂರಿನಲ್ಲಿ ಶಾಖೆ ತೆರೆಯಲು ಹೊರಟೀರಿ ಜೋಕೆ.

ನನ್ನನ್ನು ಕೇಳಿದರೆ ನಿಮ್ಮಂಥ ಕೇಂದ್ರಕ್ಕೆ ಅನಲಿಟಿಕ್ಸ್ ಕೂಡ ಬೇಡ. ದಿನಕ್ಕೆ ಎಷ್ಟು ಮಂದಿ ಬಂದರು, ಗೂಗಲ್‌ನಿಂದಲೋ ವಾಟ್ಸ್‌ಆ್ಯಪ್‌ನಿಂದಲೋ, ನೋಂದಣಿ ಪುಟಕ್ಕೆ ಬಂದವರಲ್ಲಿ ಎಷ್ಟು ಮಂದಿ ಪೂರ್ತಿ ಮಾಡಿದರು, ಫೋನ್ ಗುಂಡಿ ಎಷ್ಟು ಸಲ ಒತ್ತಿದರು. ಈ ನಾಲ್ಕು ಲೆಕ್ಕ ಸಿಕ್ಕರೆ ನಿಮ್ಮ ವ್ಯವಹಾರ ನಡೆಯುತ್ತದೆ. ಇದಕ್ಕೆ ಮಟೊಮೊ ಎಂಬ ಲೆಕ್ಕದ ಸಾಧನ ಸಾಕು. ಹಿಂದೆ ಪಿವಿಕ್ ಅಂತಿತ್ತು, 2018ರಲ್ಲಿ ಹೆಸರು ಬದಲಾಯಿತು. ಮುಕ್ತ ತಂತ್ರಾಂಶ, ನಿಮ್ಮದೇ ಹೋಸ್ಟಿಂಗ್‌ನಲ್ಲಿ ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಇದ್ದರೆ ಕೂರಿಸಬಹುದು. ವರ್ಡ್‌ಪ್ರೆಸ್ ಓಡುತ್ತಿದೆ ಎಂದರೆ ಹೆಚ್ಚಾಗಿ ಎರಡೂ ಇವೆ. ಮಾಹಿತಿ ನಿಮ್ಮ ಸರ್ವರ್ ಬಿಟ್ಟು ಹೋಗುವುದಿಲ್ಲ.

ಕೂರಿಸಿದ ಮೇಲೆ ಪ್ರೈವಸಿ ವಿಭಾಗದಲ್ಲಿ ಐಪಿಯ ಕೊನೆಯ ಎರಡು ಭಾಗ ಅಳಿಸುವುದು ಆನ್ ಇದೆಯೇ ನೋಡಿ. ಹಾಗಿದ್ದರೆ 203.0.113.45 ಎಂಬುದು 203.0.0.0 ಆಗಿ ಉಳಿಯುತ್ತದೆ. ಒಂದೇ ಭಾಗ ಅಳಿಸಿದರೆ 256 ವಿಳಾಸಗಳ ಗುಂಪು, ಎರಡು ಅಳಿಸಿದರೆ 65,536ರ ಗುಂಪು, ಎರಡೇ ಇರಲಿ. ಕುಕಿ ಬೇಡ ಎನ್ನಲು ಟ್ರ್ಯಾಕಿಂಗ್ ಕೋಡಿನಲ್ಲಿ 'ಡಿಸೇಬಲ್‌ಕುಕೀಸ್' ಎಂಬ ಸಾಲು ಸೇರಿಸಬೇಕು, ಅದೂ 'ಟ್ರ್ಯಾಕ್‌ಪೇಜ್‌ವ್ಯೂ' ಸಾಲಿಗಿಂತ ಮೇಲೆ. ಕೆಳಗೆ ಹಾಕಿದರೆ ಆ ಮಾತು ತಲುಪುವಷ್ಟರಲ್ಲಿ ಕುಕಿ ಕೂತಾಗಿರುತ್ತದೆ. ಎಷ್ಟೋ ಸೈಟುಗಳಲ್ಲಿ ಕುಕಿ ಇಲ್ಲ ಅಂತ ಬರೆದುಕೊಂಡೂ ಕುಕಿ ಇರುವುದು ಈ ಒಂದು ಸಾಲಿನ ಜಾಗದಿಂದ. ಕಚ್ಚಾ ದಾಖಲೆಗಳನ್ನು 180 ದಿನಕ್ಕೆ ತಾನಾಗಿ ಅಳಿಸುವಂತೆ ಹೊಂದಿಸಿ, ಒಟ್ಟು ಲೆಕ್ಕದ ವರದಿಗಳು ಉಳಿಯುತ್ತವೆ. ಕಡಿಮೆ ಬೆಲೆಯ ಹೋಸ್ಟಿಂಗ್ ಆಗಿದ್ದರೆ ವರದಿ ತೆರೆದಾಗ ಸೈಟ್ ನಿಧಾನವಾಗಬಹುದು. ಮಟೊಮೊ ಮೂಲದಲ್ಲಿ ವರದಿ ತೆರೆದಾಗಲೇ ಲೆಕ್ಕ ಹಾಕುತ್ತದೆ. ಅದನ್ನು ಆಫ್ ಮಾಡಿ ಕ್ರಾನ್ ಕೆಲಸವಾಗಿ (ಸರ್ವರ್ ಹೊತ್ತಿಗೆ ಸರಿಯಾಗಿ ತಾನೇ ಮಾಡುವ ಕೆಲಸ) ಗಂಟೆಗೊಮ್ಮೆ ಓಡಿಸಿದರೆ ಸರಿಹೋಗುತ್ತದೆ.

ಸರ್ವರ್ ನೋಡಿಕೊಳ್ಳುವವರು ಇಲ್ಲದಿದ್ದರೆ ಪ್ಲಾಸಿಬಲ್‌ನಂಥ ಹಣ ಕೊಟ್ಟು ಪಡೆಯುವ ಸೇವೆ ಇದೆ. ಕುಕಿ ಹಾಕುವುದಿಲ್ಲ, ಐಪಿ ಮತ್ತು ಬ್ರೌಸರಿನ ವಿವರವನ್ನು ದಿನಕ್ಕೊಮ್ಮೆ ಬದಲಾಗುವ ಗುಟ್ಟಿನ ಸಂಖ್ಯೆ ಜೊತೆ ಬೆರೆಸಿ ಗೀಚಾಗಿಸುತ್ತದೆ, ಮರುದಿನ ಆ ಗುಟ್ಟಿನ ಸಂಖ್ಯೆಯೇ ಇರುವುದಿಲ್ಲ. ನಿನ್ನೆ ಬಂದವರು ಇವತ್ತು ಬಂದರೆ ಹೊಸಬರು. ಇನ್ನೂ ಸುಲಭದ್ದೆಂದರೆ, ನಿಮ್ಮ ಹೋಸ್ಟಿಂಗ್‌ನ ನಿಯಂತ್ರಣ ಫಲಕವಾದ ಸಿಪ್ಯಾನೆಲ್‌ನಲ್ಲಿ ಎಡಬ್ಲ್ಯುಸ್ಟ್ಯಾಟ್ಸ್ ಎಂಬ ಸಾಧನ ಮೊದಲೇ ಇರಬಹುದು. ಪುಟಕ್ಕೆ ಏನೂ ಹಚ್ಚದೆ ಸರ್ವರ್ ದಾಖಲೆಯಿಂದಲೇ ಲೆಕ್ಕ ಕೊಡುತ್ತದೆ. ಯಂತ್ರಗಳ ಓಡಾಟವೂ ಅದರಲ್ಲಿ ಬೆರೆಯುವುದರಿಂದ ಸಂಖ್ಯೆ ಉಬ್ಬಿರುತ್ತದೆ. ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಲು ಅಡ್ಡಿಯಿಲ್ಲ.

ಲೆಕ್ಕದ ಸಾಧನವಲ್ಲದೆಯೂ ಸೋರುವ ತೂತುಗಳಿವೆ. ಕನ್ನಡ ಸೈಟುಗಳಲ್ಲಿ ಮುಖ್ಯವಾದದ್ದು ಅಕ್ಷರದ ವಿನ್ಯಾಸ, ಅಂದರೆ ಫಾಂಟ್. ನೋಟೊ ಸ್ಯಾನ್ಸ್ ಕನ್ನಡವನ್ನೋ ಬಾಲೂ ತಮ್ಮವನ್ನೋ ಗೂಗಲ್ ಫಾಂಟ್ಸ್‌ನಿಂದ ಎಳೆದರೆ ಬಂದವರ ಐಪಿ ಗೂಗಲ್‌ಗೆ ಹೋಗುತ್ತದೆ. ಇದೇ ಕಾರಣಕ್ಕೆ 2022ರ ಜನವರಿಯಲ್ಲಿ ಮ್ಯೂನಿಕ್‌ನ ನ್ಯಾಯಾಲಯ ಒಂದು ಸೈಟಿನವರಿಗೆ 100 ಯೂರೊ ಪರಿಹಾರ ಕೊಡಲು ಹೇಳಿತ್ತು. ಎರಡೂ ಫಾಂಟುಗಳಿಗೆ ಮುಕ್ತ ಪರವಾನಗಿ ಇದೆ, ಇಳಿಸಿಕೊಂಡು ನಿಮ್ಮ ಸರ್ವರಿನಲ್ಲೇ ಇಡಿ. ಸೈಟೂ ಬೇಗ ತೆರೆಯುತ್ತದೆ. ಯೂಟ್ಯೂಬ್ ವಿಡಿಯೊ ಹಾಕಿದ್ದರೆ 'ನೋಕುಕಿ' ವಿಳಾಸದ್ದನ್ನು ಬಳಸಿ. ಕಚೇರಿಯ ನಕ್ಷೆಗೆ ಗೂಗಲ್ ಮ್ಯಾಪ್ ಹುದುಗಿಸುವ ಬದಲು ಒಂದು ಲಿಂಕ್ ಕೊಡಿ.

ಕಾನೂನಿನ ಮಾತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಮೇಲೆ ಬಂದದ್ದು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದವು. ನಿಮ್ಮಂಥವರ ಮೇಲಿನ ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶ, ಅಂದರೆ 2027ರ ಮೇ.

ನಿಮಗೆ ತಟ್ಟುವುದು ನಾಲ್ಕು ವಿಷಯ. ಒಪ್ಪಿಗೆ ಮುಕ್ತವಾಗಿ, ನಿರ್ದಿಷ್ಟ ಉದ್ದೇಶಕ್ಕೆ, ತಿಳಿದು ಕೊಟ್ಟದ್ದಾಗಿರಬೇಕು. ಮೊದಲೇ ಟಿಕ್ ಹಾಕಿಟ್ಟ ಪೆಟ್ಟಿಗೆ ಒಪ್ಪಿಗೆಯಲ್ಲ. ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳಲೂ ಬರಬೇಕು. ತಿಳಿವಳಿಕೆ ಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಿ ಓದುವ ಆಯ್ಕೆ ಜನರಿಗೆ ಇರಬೇಕು. ಕನ್ನಡ ಆ ಅನುಸೂಚಿಯಲ್ಲಿದೆ. ಕೆಲಸ ಮಾಡಿದ್ದು ಹೊರಗಿನ ಕಂಪನಿಯ ಸಾಧನವಾದರೂ ನಿಮ್ಮ ಪರವಾಗಿ ಮಾಡಿದ್ದಕ್ಕೆ ಹೊಣೆ ನಿಮ್ಮದೇ, 'ಹುಡುಗ ಹಚ್ಚಿದ್ದು' ಎಂಬುದು ಉತ್ತರವಾಗುವುದಿಲ್ಲ. ಕೊನೆಯದು, 18 ತುಂಬದವರ ಜಾಡು ಹಿಡಿಯುವುದನ್ನು, ಅವರಿಗೆ ಗುರಿಯಿಟ್ಟ ಜಾಹೀರಾತು ತೋರಿಸುವುದನ್ನು ಕಾಯ್ದೆ ತಡೆಯುತ್ತದೆ. ಅಕ್ಕನಿಗೆ ವರ ನೋಡುತ್ತ ಕೂತ ಪಿಯುಸಿಯ ತಂಗಿಯೂ ನಿಮ್ಮ ಸೈಟಿಗೆ ಬರುತ್ತಾಳೆ, ಅವಳ ವಯಸ್ಸು ಪಿಕ್ಸೆಲ್ ಕೇಳುವುದಿಲ್ಲ. ಭದ್ರತೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಸಣ್ಣ ಕೇಂದ್ರಕ್ಕೆ ಅಷ್ಟು ಬೀಳುತ್ತದೆಂದಲ್ಲ, ಮಿತಿ ಅಷ್ಟಿದೆ. ಒಂದು ತಿರುವು: ಭದ್ರತೆಗಾಗಿ ಇರುವ ಸರ್ವರ್ ದಾಖಲೆಗಳನ್ನು ಒಂದು ವರ್ಷ ಇಡಬೇಕೆಂದು ಅದೇ ನಿಯಮಗಳು ಹೇಳುತ್ತವೆ. ಖಾಸಗಿತನದ ಹುರುಪಿನಲ್ಲಿ ಅವನ್ನೂ ಅಳಿಸಿಬಿಡಬೇಡಿ, ಬೀಗ ಹಾಕಿಡಿ.

ಅನಲಿಟಿಕ್ಸ್ ಉಳಿಸಿಕೊಂಡು 'ಒಪ್ಪುತ್ತೀರಾ?' ಎಂದು ಕೇಳುವ ಪಟ್ಟಿ (ಬ್ಯಾನರ್) ಹಾಕುವುದಾದರೆ ಅದು ನಿಜವಾಗಿ ತಡೆಯುತ್ತದೆಯೋ ಪರೀಕ್ಷಿಸಿ. ಇನ್‌ಕಾಗ್ನಿಟೊ, ಎಫ್12, 'ಕಲೆಕ್ಟ್'. ಯಾವ ಗುಂಡಿಯನ್ನೂ ಒತ್ತದೆ ನೋಡಿ. ಸಾಲು ಆಗಲೇ ಬಿದ್ದಿದ್ದರೆ ಆ ಪಟ್ಟಿ ಬರೀ ಅಲಂಕಾರ. ಗೂಗಲ್‌ನ ಕನ್ಸೆಂಟ್ ಮೋಡ್ ಎಂಬ ಒಪ್ಪಿಗೆಯ ವ್ಯವಸ್ಥೆಯಲ್ಲಿ ಎರಡು ಬಗೆ ಇವೆ. 'ಬೇಸಿಕ್' ಒಪ್ಪಿಗೆ ಸಿಗುವವರೆಗೆ ಏನನ್ನೂ ಕಳಿಸುವುದಿಲ್ಲ. 'ಅಡ್ವಾನ್ಸ್ಡ್' ಮಾತ್ರ ಬೇಡ ಎಂದವರದ್ದೂ ಕುಕಿ ಇಲ್ಲದ ಸಂದೇಶ ಕಳಿಸುತ್ತಲೇ ಇರುತ್ತದೆ, ಪುಟದ ವಿಳಾಸ ಸಮೇತ. ನಿಮಗೆ ಬೇಸಿಕ್ಕೇ ಸರಿ.

ಮಟೊಮೊಗೆ ಹೋದರೆ ಸೈಟಿನ ಕೆಳಗೆ ಇಷ್ಟು ಬರೆದು ಹಾಕಬಹುದು: "ಈ ಸೈಟಿಗೆ ದಿನಕ್ಕೆ ಎಷ್ಟು ಮಂದಿ ಬರುತ್ತಾರೆ ಎಂದು ತಿಳಿಯಲು ನಮ್ಮದೇ ಸರ್ವರಿನಲ್ಲಿ ಲೆಕ್ಕ ಇಡುತ್ತೇವೆ. ಕುಕಿ ಬಳಸುವುದಿಲ್ಲ. ಲೆಕ್ಕದಲ್ಲಿ ನಿಮ್ಮ ಐಪಿ ವಿಳಾಸದ ಅರ್ಧ ಭಾಗ ಅಳಿಸಿರುತ್ತದೆ. ಲೆಕ್ಕದ ಬಿಡಿ ದಾಖಲೆಗಳನ್ನು 180 ದಿನಕ್ಕೆ ಅಳಿಸುತ್ತೇವೆ. ಜಾಹೀರಾತು ಕಂಪನಿಗಳಿಗೆ ಏನನ್ನೂ ಕಳಿಸುವುದಿಲ್ಲ. ಕೇಳುವುದಿದ್ದರೆ ಈ ನಂಬರಿಗೆ ಫೋನ್ ಮಾಡಿ." ನೋಂದಣಿ ಫಾರ್ಮಿನ ಒಪ್ಪಿಗೆ ಬೇರೆಯೇ, ಅದನ್ನು ಇದರೊಳಗೆ ತುರುಕಬೇಡಿ. ಮಾಡದೆ ಇರುವುದನ್ನು ಮಾಡುತ್ತೇವೆಂದು ಬರೆಯಲೂ ಬೇಡಿ. ಬೇರೆ ಸೈಟಿನಿಂದ ನಕಲು ಹೊಡೆದ ಪ್ರೈವಸಿ ಪಾಲಿಸಿ ಇಲ್ಲದ ಪಾಲಿಸಿಗಿಂತ ಕಡೆ.

ಆ ಪಾಲಕರಿಗೆ ಏನು ಹೇಳುವುದು? ಇದ್ದದ್ದನ್ನೇ: "ಮಾರಿಲ್ಲರೀ. ಆದರ ಫೇಸ್‌ಬುಕ್‌ದವರ ಒಂದು ಸಾಧನ ನಮ್ಮ ಸೈಟಿನ್ಯಾಗ ಇತ್ತು, ಅದರಿಂದ ನೀವು ನೋಡಿದ ಪುಟದ ವಿಳಾಸ ಅವರಿಗೆ ಹೋಗೈತಿ. ಇಂಥ ತಾರೀಖಿಗೆ ತೆಗೆದೇವಿ." ಜೊತೆಗೆ ಮಗಳ ಫೋನಿನಲ್ಲಿ ಮಾಡಬೇಕಾದ್ದನ್ನೂ ಹೇಳಿಕೊಡಿ. ಫೇಸ್‌ಬುಕ್ ಸೆಟ್ಟಿಂಗ್ಸ್, ಅಕೌಂಟ್ಸ್ ಸೆಂಟರ್, 'ನಿಮ್ಮ ಮಾಹಿತಿ ಮತ್ತು ಅನುಮತಿಗಳು', ಅದರೊಳಗೆ ಮೆಟಾದ (ಫೇಸ್‌ಬುಕ್‌ನ ಒಡೆಯ ಕಂಪನಿ) ಹೊರಗಿನ ನಿಮ್ಮ ಚಟುವಟಿಕೆ. ಅಲ್ಲಿ ಯಾವ ಯಾವ ಸೈಟುಗಳು ಅವರ ಬಗ್ಗೆ ಮಾಹಿತಿ ಕಳಿಸಿವೆ ಎಂಬ ಪಟ್ಟಿ ಇರುತ್ತದೆ. ನಿಮ್ಮ ಸೈಟಿನ ಹೆಸರೂ ಕಾಣಬಹುದು. ಹಳೆಯದನ್ನು ಅಳಿಸಿ, ಮುಂದೆ ಜೋಡಿಸಬಾರದೆಂದು ಆರಿಸಲು ಅಲ್ಲೇ ಗುಂಡಿಗಳಿವೆ. ಪಟ್ಟಿ ಆ ಕ್ಷಣಕ್ಕೇ ಬದಲಾಗುವುದಿಲ್ಲ, ಕೆಲವು ದಿನ ಹಿಂದೆ ಬೀಳುತ್ತದೆ. ಎರಡು ವಾರ ಬಿಟ್ಟು ನಿಮ್ಮ ಸ್ವಂತ ಫೋನಿನಲ್ಲೂ ಅದನ್ನೊಮ್ಮೆ ತೆರೆಯಿರಿ. ಪಿಕ್ಸೆಲ್ ತೆಗೆದ ತಾರೀಖಿನ ನಂತರದ ನಮೂದು ನಿಮ್ಮ ಸೈಟಿನ ಹೆಸರಿನಲ್ಲಿ ಕಂಡರೆ ಅದು ಇನ್ನೂ ಎಲ್ಲೋ ಓಡುತ್ತಿದೆ. ಹೆಚ್ಚಾಗಿ ಸಿಗುವುದು ಟ್ಯಾಗ್ ಮ್ಯಾನೇಜರಿನಲ್ಲಿ.